ಭಂಡಾರದೊಳಗಣ ಭಂಡಾರ: ಒಂದು ಬರವಣಿಗೆಯ ಕ್ರಮದ ವಿಮರ್ಶೆ

೧

ಗುಜರಾತಿನ ಜೈನ ಜ್ಞಾನಭಂಡಾರಗಳ ಖ್ಯಾತಿ ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಪಾಟಣ, ಖಂಭಾತ, ಅಹಮದಾಬಾದು ಮುಂತಾದ ಊರುಗಳಲ್ಲಿ ತಾಳೆಗರಿಯ ಮತ್ತು ಕಾಗದದ ಹಸ್ತಪ್ರತಿಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದ ಈ ಸಂಗ್ರಹಗಳು ಬಹುಮಟ್ಟಿಗೆ ತಾವಿದ್ದ ಕೇರಿಯ, ಉಪಾಶ್ರಯದ ಅಥವಾ ಕೂಡಿಸಿದವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಇವುಗಳ ಇತಿಹಾಸದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಒಂದು ಸಂಗ್ರಹವು ಮತ್ತೊಂದರ ಆಶ್ರಯಕ್ಕೆ ಬಂದಾಗ ಅದು ಅಲ್ಲಿ ಕರಗಿಹೋಗದೆ ತನ್ನ ಹೆಸರಿನೊಡನೆಯೇ ಉಳಿಯಿತು. ೧೯೩೯ರಲ್ಲಿ ಪಾಟಣದಲ್ಲಿ ಹೇಮಚಂದ್ರಾಚಾರ್ಯ ಜೈನ ಜ್ಞಾನಮಂದಿರವು ತೆರೆದಾಗ ಆ ಊರಿನ ಹಲವು ಭಂಡಾರಗಳು ಒಂದೇ ಸೂರಿನಡಿ ಸೇರಿದವು. ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರಕ್ಕೆ ಮುನಿ ಪುಣ್ಯವಿಜಯಜಿಯವರು ಒಪ್ಪಿಸಿದ ಹಸ್ತಪ್ರತಿಗಳ ಸೂಚಿಯು ೧೯೬೩ರಿಂದ ಸಂಪುಟ ಸಂಪುಟವಾಗಿ ಹೊರಬಂದಾಗ ಅದು ಅವರ ಸಂಗ್ರಹದ ಹೆಸರನ್ನೇ ಹೊತ್ತಿತ್ತು. ಹೀಗೆ ಭಂಡಾರದೊಳಗೆ ಭಂಡಾರವಿರುವುದು ಈ ನಾಡಿನಲ್ಲಿ ಸಹಜವಾದ ಸಂಗತಿ.

ಇತ್ತೀಚಿನ ದಶಕಗಳಲ್ಲಿ ಗಣಕಯಂತ್ರದ ಬರಹಗಾರರೂ ಇದೇ ಸನ್ನಿವೇಶವನ್ನು ಎದುರಿಸಿದ್ದಾರೆ. ಒಂದು ಕೃತಿಯ ಪಾಠವು ದಿನದಿನಕ್ಕೆ ಹೇಗೆ ಬದಲಾಯಿತು, ಯಾರಿಂದ ಬದಲಾಯಿತು ಎಂಬುದನ್ನು ಬಿಡದೆ ದಾಖಲಿಸುವ ಏರ್ಪಾಡಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಪಾಠವೂ ಅದರ ಸಮಸ್ತ ಇತಿಹಾಸವೂ ಒಟ್ಟಿಗೆ ಇರುವ ಸ್ಥಳವನ್ನು ಭಂಡಾರವೆಂದೇ ಕರೆಯಬಹುದು. ಒಂದು ದೊಡ್ಡ ಭಂಡಾರದೊಳಗೆ, ತಮ್ಮ ತಮ್ಮ ಇತಿಹಾಸವನ್ನು ಬಿಟ್ಟುಕೊಡದ ಅನೇಕ ಸಣ್ಣ ಭಂಡಾರಗಳನ್ನು ಇರಿಸಬೇಕಾದಾಗ, ಯಾವುದು ಯಾರಿಗೆ ಬೇಕು ಎಂಬುದನ್ನು ಗುಂಪುಗುಂಪಾಗಿ ಬರೆದಿಡುವ ಕ್ರಮ ಯಾವುದು? ಮೇಲುನೋಟಕ್ಕೆ ಇದು ಯಂತ್ರಶಿಲ್ಪಿಗಳ ಚಿಕ್ಕ ಸಮಸ್ಯೆಯೆಂದು ತೋರಬಹುದು. ವಸ್ತುತಃ ಇದು ಸೂಚಿಯನ್ನು ರಚಿಸುವ ಶಾಸ್ತ್ರಕ್ಕೂ ವ್ಯಾಕರಣಕ್ಕೂ ಸೇರಿದ ಪ್ರಶ್ನೆ. ಗಿಟ್ ಎಂಬ ಪ್ರಸಿದ್ಧ ವ್ಯವಸ್ಥೆಯು ಇದಕ್ಕೆ ಕೊಟ್ಟಿರುವ ಉತ್ತರವನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಗಿಟ್ ವ್ಯವಸ್ಥೆಯು ೨೦೦೫ರ ಏಪ್ರಿಲಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರಿಂದ ಪ್ರಾರಂಭವಾಯಿತು. ಒಳಭಂಡಾರಗಳನ್ನು ನಿರ್ವಹಿಸುವ ಆಜ್ಞೆಯು ಅದಕ್ಕೆ ಸೇರಿದ್ದು ೨೦೦೭ರಲ್ಲಿ. ಒಳಭಂಡಾರಕ್ಕೆ ಅಲ್ಲಿ ಸಬ್‌ಮಾಡ್ಯೂಲ್ ಎಂದು ಹೆಸರು. ಇದರ ರಚನೆಯಲ್ಲಿ ಎರಡು ಅಂಗಗಳಿವೆ.

ಮೊದಲನೆಯದು ಮೂಲಭಂಡಾರದಲ್ಲಿ ದಾಖಲಾಗುವ ಒಂದು ಗುರುತು. ಒಳಭಂಡಾರದ ಪಾಠವನ್ನು ಮೂಲಭಂಡಾರವು ತನ್ನೊಳಗೆ ನಕಲು ಮಾಡಿಕೊಳ್ಳುವುದಿಲ್ಲ. 'ಇಲ್ಲಿ ಇಂಥ ಒಳಭಂಡಾರದ ಇಂಥ ಸ್ಥಿತಿ ಇರತಕ್ಕದ್ದು' ಎಂದು, ಸಾಮಾನ್ಯವಾಗಿ ೪೦ ಅಕ್ಷರಾಂಕಗಳ ಒಂದು ಮುದ್ರೆಯನ್ನು ಮಾತ್ರ ಬರೆದುಕೊಳ್ಳುತ್ತದೆ. ಬ್ಯಾಂಕಿನ ಲೆಕ್ಕವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಜನರಲ್ ಲೆಡ್ಜರಿನಲ್ಲಿ ಉಳಿತಾಯ ಖಾತೆಗಳ ಬಗೆಗೆ ಇರುವುದು ಒಟ್ಟು ಬಾಕಿಯ ಒಂದೇ ಸಾಲು. ಒಬ್ಬೊಬ್ಬ ಖಾತೆದಾರನ ವಿವರವೆಲ್ಲ ಬೇರೆ ಲೆಡ್ಜರಿನಲ್ಲಿ. ಎರಡೂ ತಾಳೆಯಾಗಬೇಕು, ಆದರೆ ಒಂದು ಇನ್ನೊಂದನ್ನು ನುಂಗಬಾರದು. ವ್ಯತ್ಯಾಸವಿಷ್ಟೆ: ಲೆಡ್ಜರಿನ ಒಟ್ಟು ಮೊತ್ತ ಪ್ರತಿದಿನವೂ ಬದಲಾಗಲೇಬೇಕು, ಗಿಟ್ಟಿನ ಮುದ್ರೆಯಾದರೋ ಮೂಲಭಂಡಾರದ ಪಾಲಕನು ಬದಲಿಸುವವರೆಗೆ ಹಳೆಯ ಸ್ಥಿತಿಯನ್ನೇ ತೋರಿಸುತ್ತಿರುತ್ತದೆ.

ಎರಡನೆಯದು ಗಿಟ್‌ಮಾಡ್ಯೂಲ್ಸ್ ಎಂಬ ನಿಬಂಧನೆಗಳ ಕಡತ. ಇದು ಮೂಲಭಂಡಾರದ ಸಾರ್ವಜನಿಕ ಸೂಚಿ. ಇದರಲ್ಲಿ ಪ್ರತಿಯೊಂದು ಒಳಭಂಡಾರಕ್ಕೂ ಒಂದು ಖಂಡವಿರುತ್ತದೆ. ಖಂಡದ ತಲೆಬರಹದಲ್ಲಿ ಚೌಕ ಕಂಸದೊಳಗೆ ಜಾತಿಯ ಹೆಸರು, ಅದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ ವ್ಯಕ್ತಿಯ ಹೆಸರು. ಅದರ ಕೆಳಗೆ ಒಳಭಂಡಾರವು ಇರತಕ್ಕ ಸ್ಥಳ ಮತ್ತು ಅದನ್ನು ತರತಕ್ಕ ಮೂಲವಿಳಾಸ. ಇಂಗ್ಲಿಷ್ ಪದಗಳಿಗೆ ಬದಲಾಗಿ ಕನ್ನಡ ಪದಗಳನ್ನಿಟ್ಟರೆ ಅದರ ರೂಪ ಹೀಗಿರುತ್ತದೆ:

[ಒಳಭಂಡಾರ "ಹಳೆಯ-ಸಂಚಿಕೆ"]
ಸ್ಥಳ = ಪಠ್ಯ/ಹಳೆಯದು
ವಿಳಾಸ = ../ಹಳೆಯ-ಸಂಚಿಕೆ

ಇದಲ್ಲದೆ ಭಂಡಾರವನ್ನು ಪಡೆದುಕೊಂಡವನ ಮನೆಯಲ್ಲಿ ಅವನದೇ ಆದ ಇನ್ನೊಂದು ನಿಬಂಧನೆಗಳ ಕಡತ ಇರುತ್ತದೆ. ಅದು ಸಾರ್ವಜನಿಕವಲ್ಲ, ಮತ್ತೊಬ್ಬರಿಗೆ ಹಂಚಿಕೆಯಾಗುವುದೂ ಇಲ್ಲ. ಎರಡು ಕಡತಗಳ ಬರವಣಿಗೆಯ ಕ್ರಮ ಒಂದೇ, ಅಧಿಕಾರ ಬೇರೆ. ಮೊದಲನೆಯದು ಕೊಡುವವನ ಮಾತು, ಎರಡನೆಯದು ಕೊಳ್ಳುವವನ ಮಾತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಚಾರವನ್ನು ನೋಡಬೇಕು.

೩

ಗುಂಪಿನ ಪ್ರಶ್ನೆಗೆ ಮುನ್ನ ಹೆಸರಿನ ಪ್ರಶ್ನೆ ಬರುತ್ತದೆ. ಏಕೆಂದರೆ ಹೆಸರು ನಿಲ್ಲದ ವಸ್ತುವನ್ನು ಯಾವ ಗುಂಪಿಗೆ ಸೇರಿಸಿದರೂ ಪ್ರಯೋಜನವಿಲ್ಲ.

ಪಾಟಣದ ತಾಳೆಗರಿಯ ಪ್ರತಿಗಳ ವಿವರಣಾತ್ಮಕ ಸೂಚಿಯು ಸಿ. ಡಿ. ದಲಾಲರ ಟಿಪ್ಪಣಿಗಳ ಆಧಾರದ ಮೇಲೆ ಲಾಲಚಂದ್ರ ಭಗವಾನದಾಸ ಗಾಂಧಿಯವರಿಂದ ಸಿದ್ಧವಾಗಿ ೧೯೩೭ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಅದು ಪ್ರಕಟವಾದ ಎರಡೇ ವರ್ಷಗಳಲ್ಲಿ ಪಾಟಣದ ಹಲವು ಭಂಡಾರಗಳು ಹೊಸ ಕಟ್ಟಡಕ್ಕೆ ಸ್ಥಳಾಂತರ ಹೊಂದಿದವು. ಭಂಡಾರಗಳನ್ನು ಅವುಗಳ ಹೆಸರಿನಿಂದ ಗುರುತಿಸದೆ, 'ಇಂಥ ಮನೆಯ ಇಂಥ ಕೋಣೆಯಲ್ಲಿರುವುದು' ಎಂದು ಮಾತ್ರ ಸೂಚಿಯು ಬರೆದಿದ್ದರೆ ಅದರ ಬೆಲೆ ಅಂದೇ ಅರ್ಧವಾಗುತ್ತಿತ್ತು. ಕೇರಿಯ ಹೆಸರು ಮೊದಲು ಸ್ಥಳವಾಚಕವಾಗಿತ್ತು ನಿಜ. ಆದರೆ ಭಂಡಾರಕ್ಕೆ ಅಂಟಿದ ಮೇಲೆ ಅದು ಅಂಕಿತನಾಮವಾಯಿತು. ಭಂಡಾರ ಕೇರಿಯನ್ನು ಬಿಟ್ಟಮೇಲೂ ಹೆಸರು ಭಂಡಾರವನ್ನು ಬಿಡಲಿಲ್ಲ.

ಗಿಟ್ಟಿನ ಕಡತದಲ್ಲಿಯೂ ಇದೇ ಬಗೆಯ ಒಂದು ವಿವೇಕವಿದೆ. ಒಳಭಂಡಾರವನ್ನು ಮೊದಲು ಸೇರಿಸುವಾಗ ಬೇರೆ ಹೆಸರನ್ನು ಹೇಳದಿದ್ದರೆ ಅದರ ಸ್ಥಳವೇ ಅದರ ಹೆಸರಾಗುತ್ತದೆ. ಮುಂದೆ ಅದನ್ನು ವ್ಯವಸ್ಥೆಯ ಆಜ್ಞೆಯ ಮೂಲಕವೇ ಬೇರೆಡೆಗೆ ಸರಿಸಿದರೆ ಸ್ಥಳದ ಸಾಲು ಬದಲಾಗುತ್ತದೆ, ಹೆಸರು ಹಾಗೆಯೇ ಉಳಿಯುತ್ತದೆ. ೨೦೧೧ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಒಳಭಂಡಾರದ ಇತಿಹಾಸವೆಲ್ಲವೂ ಕೊಳ್ಳುವವನ ಮನೆಯಲ್ಲಿ ಈ ಹೆಸರಿನ ಅಡಿಯಲ್ಲಿಯೇ ಶೇಖರವಾಗತೊಡಗಿತು. ಇದು ಒಳ್ಳೆಯ ಸುಧಾರಣೆ. ಆದರೆ ಅದರಿಂದಲೇ ಒಂದು ಅಪಾಯವೂ ಹುಟ್ಟಿತು. ಹೆಸರನ್ನು ಮತ್ತೆ ಸ್ಥಳವಾಗಿ ಬಳಸಿದ್ದರಿಂದ, ಹೆಸರಿನೊಳಗೆ 'ಮೇಲಿನ ಕೋಣೆಗೆ ಹೋಗು' ಎಂಬ ಅರ್ಥದ ಎರಡು ಚುಕ್ಕಿಗಳನ್ನು ಅಡಗಿಸಿ ಬರೆದರೆ, ಯಂತ್ರವು ನಿಯತವಾದ ಜಾಗದಿಂದ ಹೊರಗೆ ಹೋಗಿ, ಕಪಟಿಯು ಇಟ್ಟ ಆಜ್ಞೆಗಳನ್ನು ನಡೆಸುವ ಸಂಭವವಿತ್ತು. ಈ ದೋಷವು ೨೦೧೮ರ ಮೇ ತಿಂಗಳಲ್ಲಿ ಬಯಲಿಗೆ ಬಂದು ಪರಿಹಾರವಾಯಿತು. ಹೆಸರು ವ್ಯಕ್ತಿಯನ್ನು ಸೂಚಿಸತಕ್ಕದ್ದು, ದಾರಿಯನ್ನಲ್ಲ ಎಂಬ ನಿಯಮವನ್ನು ವ್ಯವಸ್ಥೆಯು ಹನ್ನೊಂದು ವರ್ಷಗಳ ಅನುಭವದ ಅನಂತರ ತನ್ನ ವ್ಯಾಕರಣಕ್ಕೆ ಸೇರಿಸಿಕೊಂಡಿತು ಎನ್ನಬಹುದು.

ಕನ್ನಡಿಗರಿಗೆ ಸಂತೋಷ ತರುವ ಒಂದು ಅಂಶವನ್ನು ಇಲ್ಲಿಯೇ ಹೇಳಬಹುದು. ಈ ಕಡತದಲ್ಲಿ ಜಾತಿಯ ಹೆಸರೂ ಸ್ಥಳ, ವಿಳಾಸ ಮುಂತಾದ ಪದಗಳೂ ರೋಮನ್ ಅಕ್ಷರಗಳಲ್ಲಿಯೇ ಇರಬೇಕು. ಉದ್ಧರಣ ಚಿಹ್ನೆಗಳೊಳಗಣ ಅಂಕಿತನಾಮಕ್ಕಾದರೋ ಆ ಕಟ್ಟಿಲ್ಲ. ಸಾಲು ಮುರಿಯದ ಯಾವ ಅಕ್ಷರವಾದರೂ ಸಲ್ಲುತ್ತದೆ. ಒಳಭಂಡಾರಕ್ಕೆ ಅಚ್ಚಗನ್ನಡದ ಹೆಸರನ್ನಿಡಲು ವ್ಯಾಕರಣದ ಅಡ್ಡಿಯೇನೂ ಇಲ್ಲ.

೪

ಇನ್ನು ಗುಂಪುಗಳ ವಿಚಾರ. ಮೂಲಭಂಡಾರದೊಳಗೆ ನೂರಾರು ಒಳಭಂಡಾರಗಳು ಇದ್ದಾಗ ಎಲ್ಲರಿಗೂ ಎಲ್ಲವೂ ಬೇಡ. ಎಲ್ಲವನ್ನೂ ತರಿಸಿಕೊಂಡರೆ ಕಾಲವೂ ಸ್ಥಳವೂ ವ್ಯರ್ಥ. ಒಂದೊಂದನ್ನೇ ಹೆಸರಿಸಿ ತರಿಸುವುದು ಪ್ರಯಾಸ. ಆದುದರಿಂದ ಕೆಲವನ್ನು ಒಂದು ಮಾತಿನಲ್ಲಿ ಕರೆಯುವ ಉಪಾಯ ಬೇಕು.

ಹಲವನ್ನು ಒಂದು ಮಾತಿನಲ್ಲಿ ಕರೆಯುವ ವಿದ್ಯೆಯಲ್ಲಿ ಭಾರತೀಯ ವ್ಯಾಕರಣಕಾರರನ್ನು ಮೀರಿಸಿದವರಿಲ್ಲ. ಅವರ ಶಾಸ್ತ್ರದಲ್ಲಿ ಇದಕ್ಕೆ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು ಗಣಪಾಠ. ಒಂದು ಕಾರ್ಯಕ್ಕೆ ಒಳಪಡುವ ಶಬ್ದಗಳನ್ನೆಲ್ಲ ಒಂದು ಪ್ರತ್ಯೇಕ ಪಟ್ಟಿಯಲ್ಲಿ ಓದಿ, ಮೊದಲ ಶಬ್ದಕ್ಕೆ 'ಆದಿ' ಎಂಬುದನ್ನು ಸೇರಿಸಿ ಸರ್ವಾದಿ ಮುಂತಾಗಿ ಗಣದ ಹೆಸರನ್ನು ಹೇಳುವುದು. ಎರಡನೆಯದು ಆಕೃತಿಗಣ. ಇಲ್ಲಿ ಪಟ್ಟಿ ಮುಗಿದಿರುವುದಿಲ್ಲ. ಪ್ರಯೋಗದ ಆಕೃತಿಯನ್ನು ನೋಡಿ ಇದೂ ಆ ಗಣಕ್ಕೆ ಸೇರುತ್ತದೆಂದು ತಿಳಿಯಬೇಕು. ಮೂರನೆಯದು ಅನುಬಂಧ. ಇಲ್ಲಿ ಪಟ್ಟಿಯೂ ಇಲ್ಲ, ಊಹೆಯೂ ಇಲ್ಲ. ಧಾತುವಿಗೇ ಒಂದು ಗುರುತಿನ ಅಕ್ಷರವನ್ನು ಅಂಟಿಸಿರುತ್ತದೆ. ಮಾಡು ಎಂಬರ್ಥದ ಧಾತುವನ್ನು ಧಾತುಪಾಠದಲ್ಲಿ ಡುಕೃಞ್ ಎಂದು ಓದಿರುವುದನ್ನು ಸಂಸ್ಕೃತ ಬಲ್ಲವರೆಲ್ಲರೂ ಅರಿತಿದ್ದಾರೆ. ಇದರಲ್ಲಿ ಧಾತು 'ಕೃ' ಮಾತ್ರ. ಹಿಂದಿನ 'ಡು' ಒಂದು ಕೃತ್ಪ್ರತ್ಯಯವನ್ನು ತರುವ ಗುರುತು. ಮುಂದಿನ ಞಕಾರವು ಉಭಯಪದವನ್ನು ತೋರುವ ಗುರುತು. ಒಂದೇ ಧಾತು ಎರಡು ಗುರುತುಗಳಿಂದ ಎರಡು ಬೇರೆ ಬೇರೆ ಗುಂಪುಗಳಿಗೆ ಸೇರಿತು. ತನ್ನ ಸ್ಥಳವನ್ನು ಬಿಡಬೇಕಾಗಲಿಲ್ಲ. ೧೨ನೆಯ ಶತಮಾನದಲ್ಲಿ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ಹೇಮಚಂದ್ರನು ಇದೇ ಪಾಟಣದಲ್ಲಿ ತನ್ನ ಶಬ್ದಾನುಶಾಸನವನ್ನು ರಚಿಸಿದಾಗ, ಸೂತ್ರಗಳ ಜೊತೆಗೆ ಗಣಪಾಠ ಧಾತುಪಾಠಗಳನ್ನೂ ಅದಕ್ಕೆ ಅಂಗಗಳನ್ನಾಗಿ ಮಾಡಿದನು.

ಈಗಿನ ಬರವಣಿಗೆಯ ಕ್ರಮಗಳನ್ನು ಈ ಮೂರರೊಡನೆ ಹೋಲಿಸಿ ನೋಡಿದರೆ ಅವುಗಳ ಗುಣದೋಷಗಳು ಸ್ಪಷ್ಟವಾಗುತ್ತವೆ.

ಗಣಪಾಠದ ದಾರಿ ಎಂದರೆ, ಕಡತದಲ್ಲಿ ಗುಂಪಿಗೆ ಒಂದು ಪ್ರತ್ಯೇಕ ಖಂಡವನ್ನು ತೆರೆದು ಅದರ ಕೆಳಗೆ ಸದಸ್ಯರ ಹೆಸರುಗಳನ್ನು ಬರೆಯುವುದು. ಗುಂಪನ್ನು ಒಂದೇ ನೋಟದಲ್ಲಿ ಕಾಣಬಹುದೆಂಬುದು ಇದರ ಗುಣ. ಹೊಸ ಒಳಭಂಡಾರವನ್ನು ಸೇರಿಸುವವನು ಅಥವಾ ಹಳೆಯದನ್ನು ತೆಗೆಯುವವನು ಎರಡು ಕಡೆ ತಿದ್ದಬೇಕಾಗುವುದು ದೋಷ. ಎರಡು ಕಡೆ ತಿದ್ದಬೇಕಾದ ಲೆಕ್ಕ ಒಂದಲ್ಲ ಒಂದು ದಿನ ತಪ್ಪುತ್ತದೆ. ಇಲ್ಲದ ಭಂಡಾರದ ಹೆಸರು ಪಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ಇರುವ ಭಂಡಾರ ಯಾವ ಪಟ್ಟಿಗೂ ಸೇರದೆ ಹೋಗುತ್ತದೆ.

ಅನುಬಂಧದ ದಾರಿಗೆ ರೆಪೋ ಎಂಬ ಸಾಧನವು ಒಳ್ಳೆಯ ಉದಾಹರಣೆ. ಆಂಡ್ರಾಯ್ಡ್ ವ್ಯವಸ್ಥೆಯ ನೂರಾರು ಗಿಟ್ ಭಂಡಾರಗಳನ್ನು ಒಟ್ಟಿಗೆ ನಿರ್ವಹಿಸಲು ರಚಿಸಿದ ಈ ಸಾಧನವು ೨೦೦೮ರಲ್ಲಿ ಹೊರಬಂತು. ಇದರ ಸೂಚಿಯಲ್ಲಿ ಪ್ರತಿಯೊಂದು ಭಂಡಾರದ ಸಾಲಿನಲ್ಲಿಯೇ ಅದು ಸೇರುವ ಗುಂಪುಗಳನ್ನು ಬರೆಯಬಹುದು. ಗುಂಪು ಒಂದಕ್ಕಿಂತ ಹೆಚ್ಚಾಗಿದ್ದರೆ ಅಲ್ಪವಿರಾಮದಿಂದಾಗಲಿ ತೆರಪಿನಿಂದಾಗಲಿ ಬೇರ್ಪಡಿಸಿ ಬರೆಯುವುದು ಅಲ್ಲಿಯ ಪದ್ಧತಿ. ಕ್ರಮವೇನೋ ಸರಿಯಾದುದು, ಅದರಲ್ಲಿ ಸೇರಿಕೊಂಡ ಒಂದು ಅಪವಾದ ಮಾತ್ರ ಸೊಗಸಲ್ಲ. ಯಾವುದಾದರೂ ಭಂಡಾರವು ಸಾಮಾನ್ಯರಿಗೆ ತಾನಾಗಿ ಬರಬಾರದೆಂದಿದ್ದರೆ 'ಸಾಮಾನ್ಯವಲ್ಲ' ಎಂಬ ಅರ್ಥದ ಪದವನ್ನು ಗುಂಪುಗಳ ಸಾಲಿನಲ್ಲಿಯೇ ಬರೆಯಬೇಕು. ಉಳಿದ ಪದಗಳು ಗುಣವನ್ನು ಹೇಳುತ್ತಿರುವಾಗ ಈ ಒಂದು ಪದ ಮಾತ್ರ ಆಜ್ಞೆಯನ್ನು ಹೇಳುತ್ತದೆ. ಹೊಸದಾಗಿ ಓದುವವನು ಇದನ್ನೂ ಒಂದು ಗುಂಪೆಂದೇ ಬಗೆಯುವನು. ವಿಶೇಷಣಗಳ ನಡುವೆ ಕ್ರಿಯಾಪದವನ್ನು ಬಚ್ಚಿಟ್ಟಂತೆ ಇದು ಓದುಗನನ್ನು ಎಡವಿಸುತ್ತದೆ.

೫

ಗಿಟ್ಟಿನ ಸಾರ್ವಜನಿಕ ಕಡತಕ್ಕೂ ಅನುಬಂಧದ ಕ್ರಮವನ್ನು ತರಬೇಕೆಂಬ ಸಲಹೆಯು ೨೦೧೬ರಲ್ಲಿ ಬಂದಿತು. ಅದರ ಸಾರಾಂಶವಿಷ್ಟು: ಕೊಡುವವನು ಪ್ರತಿಯೊಂದು ಒಳಭಂಡಾರದ ಖಂಡದಲ್ಲಿ ಗುಂಪಿನ ಗುರುತನ್ನು ಬರೆಯಲಿ, ತನಗೆ ಯಾವ ಗುಂಪು ಬೇಕೆಂಬುದನ್ನು ಕೊಳ್ಳುವವನು ತನ್ನ ಮನೆಯ ಕಡತದಲ್ಲಿ ಬರೆದುಕೊಳ್ಳಲಿ.

ಇಲ್ಲಿ ಬರವಣಿಗೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಲವು ಗುಂಪುಗಳನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆಯುವುದೋ, ಒಂದೊಂದು ಗುಂಪಿಗೆ ಒಂದೊಂದು ಸಾಲನ್ನು ಬರೆಯುವುದೋ? ಗಿಟ್ಟಿನ ಕಡತದ ವ್ಯಾಕರಣದಲ್ಲಿ ಒಂದೇ ಪದವು ಹಲವು ಸಾಲುಗಳಲ್ಲಿ ಪುನರುಕ್ತವಾಗುವುದಕ್ಕೆ ಮೊದಲಿನಿಂದಲೂ ಅವಕಾಶವಿದೆ. ಅಲ್ಪವಿರಾಮಕ್ಕಾದರೋ ಅಲ್ಲಿ ಯಾವ ವಿಶೇಷಾರ್ಥವೂ ಇಲ್ಲ. ಅದನ್ನು ತಂದರೆ ವ್ಯಾಕರಣದೊಳಗೆ ಮತ್ತೊಂದು ಕಿರುವ್ಯಾಕರಣವನ್ನು ತಂದಂತಾಗುತ್ತದೆ. ಅಲ್ಪವಿರಾಮದ ಮುಂದಿನ ತೆರಪು ಹೆಸರಿಗೆ ಸೇರಿದುದೇ ಅಲ್ಲವೇ, ಹೆಸರಿನೊಳಗೇ ಅಲ್ಪವಿರಾಮ ಬಂದರೆ ಗತಿಯೇನು ಎಂಬ ಪ್ರಶ್ನೆಗಳೂ ಏಳುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಆವೃತ್ತಿ ನಿಯಂತ್ರಣದ ಇತಿಹಾಸವು ಸಾಲನ್ನು ಘಟಕವಾಗಿ ಇಟ್ಟುಕೊಂಡು ಬದಲಾವಣೆಯನ್ನು ತೋರಿಸುತ್ತದೆ. ಒಂದು ಗುರುತಿಗೆ ಒಂದು ಸಾಲು ಇದ್ದರೆ, ಯಾವ ಗುರುತನ್ನು ಯಾರು ಎಂದು ಸೇರಿಸಿದರೆಂಬುದು ಬೇರೆಬೇರೆಯಾಗಿ ಕಾಣುತ್ತದೆ. ಎಲ್ಲವೂ ಒಂದೇ ಸಾಲಿನಲ್ಲಿದ್ದರೆ ಕೊನೆಯಲ್ಲಿ ತಿದ್ದಿದವನ ಹೆಸರೇ ಎಲ್ಲಕ್ಕೂ ಮೊದಲು ಕಾಣುತ್ತದೆ. ಹಸ್ತಪ್ರತಿಯ ಅಂಚಿನಲ್ಲಿ ಹಲವು ಕೈಗಳು ಬರೆದ ಟಿಪ್ಪಣಿಗಳನ್ನು ಒಬ್ಬನೇ ಲಿಪಿಕಾರನು ಒಟ್ಟಿಗೆ ನಕಲು ಮಾಡಿದರೆ ಪಾಠಶೋಧಕನಿಗೆ ಆಗುವ ನಷ್ಟ ಇಲ್ಲಿಯೂ ಆಗುತ್ತದೆ. ಆದುದರಿಂದ ಪುನರುಕ್ತಿಯೇ ಇಲ್ಲಿ ಗುಣ.

ಆದರೆ ಆ ಸಲಹೆಯು ಆ ರೂಪದಲ್ಲಿ ಅಂಗೀಕಾರವಾಗಲಿಲ್ಲ. ೨೦೧೭ರ ಮೇ ತಿಂಗಳ ಆವೃತ್ತಿಯಲ್ಲಿ ಬಂದದ್ದು ಇನ್ನೊಂದು ಕ್ರಮ. ಕೊಳ್ಳುವವನು ತನ್ನ ಮನೆಯ ಕಡತದಲ್ಲಿ 'ಇಂಥ ಆಕಾರದ ಸ್ಥಳಗಳಲ್ಲಿರುವ ಒಳಭಂಡಾರಗಳೆಲ್ಲ ನನಗೆ ಸಕ್ರಿಯ' ಎಂದು ಒಂದು ಅಥವಾ ಹಲವು ಸಾಲುಗಳಲ್ಲಿ ಬರೆಯಬಹುದು. 'ಇದನ್ನು ಬಿಟ್ಟು' ಎಂದು ಹೊರತುಪಡಿಸಲೂಬಹುದು. ಒಂದೇ ಒಂದು ಒಳಭಂಡಾರದ ವಿಷಯದಲ್ಲಿ ಪ್ರತ್ಯೇಕವಾದ ಮಾತಿದ್ದರೆ ಅದೇ ಪ್ರಬಲ. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆಂಬ ನ್ಯಾಯಕ್ಕೆ ಇದು ಒಪ್ಪುತ್ತದೆ.

ಇದು ಆಕೃತಿಗಣದ ದಾರಿ. ಸದಸ್ಯರ ಪಟ್ಟಿಯಿಲ್ಲ; ಆಕಾರವನ್ನು ನೋಡಿ ಸದಸ್ಯತ್ವವನ್ನು ತಿಳಿಯಬೇಕು. ನಾಳೆ ಅದೇ ಸ್ಥಳದಲ್ಲಿ ಹೊಸ ಒಳಭಂಡಾರ ಬಂದರೂ ಅದು ತಾನಾಗಿ ಗಣಕ್ಕೆ ಸೇರುತ್ತದೆ. ಆದರೆ ವ್ಯಾಕರಣಕಾರರ ಆಕೃತಿಗೂ ಇದಕ್ಕೂ ಒಂದು ಮುಖ್ಯವಾದ ಭೇದವಿದೆ. ಅಲ್ಲಿ ಆಕೃತಿಯೆಂಬುದು ಶಬ್ದದ ಪ್ರಯೋಗದಲ್ಲಿ ಕಾಣುವ ಸ್ವಭಾವ. ಇಲ್ಲಿ ಆಕಾರವೆಂಬುದು ಅದನ್ನಿಟ್ಟ ಸ್ಥಳ. ಸ್ಥಳವು ಸ್ವಭಾವವಲ್ಲ. ಒಂದು ವಸ್ತುವಿಗೆ ಸ್ಥಳ ಒಂದೇ, ಉಪಯೋಗಗಳು ಹಲವು. ಎರಡು ಗುಂಪುಗಳಿಗೆ ಬೇಕಾದ ಭಂಡಾರವನ್ನು ಎರಡು ಕಪಾಟುಗಳಲ್ಲಿ ಇಡಲಾಗದು. ಹೆಸರನ್ನು ಸ್ಥಳದಿಂದ ಬಿಡಿಸಿದ ವ್ಯವಸ್ಥೆಯು ಗುಂಪನ್ನು ಸ್ಥಳಕ್ಕೆ ಕಟ್ಟಿಹಾಕಿದ್ದು ವಿಚಿತ್ರವಾಗಿದೆ.

೬

ಈ ಕೊರತೆಯ ಪರಿಣಾಮವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು. ಕನ್ನಡನಾಡಿನಿಂದ ದೂರದ ಊರೊಂದರಲ್ಲಿರುವ ಒಂದು ಕನ್ನಡ ಸಂಘವು ತನ್ನ ಹಳೆಯ ಸಂಚಿಕೆಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಲು ಹೊರಟಿದೆಯೆಂದು ಭಾವಿಸೋಣ. ಮೂಲಭಂಡಾರದೊಳಗೆ ನಾಲ್ಕು ಒಳಭಂಡಾರಗಳು: ಪುಟಗಳ ಛಾಯಾಚಿತ್ರಗಳು, ಬೆರಳಚ್ಚು ಮಾಡಿದ ಪಠ್ಯ, ಅಕ್ಷರವಿನ್ಯಾಸದ ಕಡತಗಳು, ಲೇಖಕರ ಮತ್ತು ವಿಷಯಗಳ ಸೂಚಿ. ಛಾಯಾಚಿತ್ರಗಳ ಭಂಡಾರ ಅತ್ಯಂತ ಭಾರವಾದುದು. ಕರಡು ತಿದ್ದುವವರಿಗೆ ಅದು ಅವಶ್ಯಕ, ಬರಿಯ ಓದುಗರಿಗೆ ಅನಾವಶ್ಯಕ. ಅಕ್ಷರವಿನ್ಯಾಸ ಅಚ್ಚಿನವರಿಗೆ ಮಾತ್ರ. ಪಠ್ಯ ಎಲ್ಲರಿಗೂ. ಸೂಚಿಯಾದರೋ ಓದುಗರಿಗೂ ತಿದ್ದುವವರಿಗೂ. ಇದನ್ನು ಯಾವ ಕಪಾಟಿನಲ್ಲಿಟ್ಟರೂ ಒಂದು ಗುಂಪಿಗೆ ಅಡ್ಡಿ. ಅನುಬಂಧದ ಕ್ರಮದಲ್ಲಿ ಹೀಗೆ ಬರೆದರೆ ಸಾಕು:

[ಒಳಭಂಡಾರ "ವಿಷಯಸೂಚಿ"]
ಸ್ಥಳ = ಸೂಚಿ
ವಿಳಾಸ = ../ವಿಷಯಸೂಚಿ
ಗುಂಪು = ಓದುಗರಿಗೆ
ಗುಂಪು = ತಿದ್ದುವವರಿಗೆ

ಇಂಥ ಸಂಘಗಳಲ್ಲಿ ಕೆಲಸವು ನಡೆಯುವುದು ಕಚೇರಿಯ ಕೆಲಸ ಮುಗಿಸಿ ಬಂದ ಕೆಲವರ ಸಂಜೆಯ ಬಿಡುವಿನಲ್ಲಿ. ಕಾರ್ಯದರ್ಶಿಗಳು ಬದಲಾಗುತ್ತಾರೆ, ಉತ್ಸಾಹಿಗಳಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಯಾವುದು ಯಾರಿಗಾಗಿ ಎಂಬ ತಿಳಿವಳಿಕೆ ಸಾರ್ವಜನಿಕ ಕಡತದಲ್ಲಿ ಇಲ್ಲದೆ, ಒಬ್ಬೊಬ್ಬರ ಮನೆಯ ಕಡತದಲ್ಲಿ ಮಾತ್ರ ಇದ್ದರೆ, ಆ ವ್ಯಕ್ತಿಯು ಹೋದ ದಿನವೇ ಆ ತಿಳಿವಳಿಕೆಯೂ ಹೋಗುತ್ತದೆ. ಪಠ್ಯವೂ ಇತಿಹಾಸವೂ ಸುರಕ್ಷಿತವಾಗಿ ಉಳಿಯುತ್ತವೆ; ಆದರೆ ಹೊಸಬನು ಬಾಗಿಲಲ್ಲಿ ನಿಂತು ಎಲ್ಲಿಂದ ಮೊದಲುಮಾಡಬೇಕೆಂದು ತಿಳಿಯದೆ ಹಿಂದಿರುಗುತ್ತಾನೆ. ಹಸ್ತಪ್ರತಿಗಳ ಭಂಡಾರಗಳಲ್ಲಿ ಗ್ರಂಥಗಳು ಇದ್ದೂ ಇಲ್ಲದಂತಾಗುವುದು ಹೀಗೆಯೇ. ಮೂಡಬಿದಿರೆ ಕಾರ್ಕಳಗಳ ತಾಳೆಗರಿಯ ಸಂಗ್ರಹಗಳನ್ನು ಕೆ. ಭುಜಬಲಿ ಶಾಸ್ತ್ರಿಗಳು ಒಂದೇ ಗ್ರಂಥಸೂಚಿಯಲ್ಲಿ ತಂದು ೧೯೪೮ರಲ್ಲಿ ಪ್ರಕಟಿಸಿದಾಗ ಆದ ಉಪಕಾರವು ಗ್ರಂಥಗಳ ರಕ್ಷಣೆಯಷ್ಟೇ ಅಲ್ಲ. ಒಳಗಿದ್ದವರಿಗೆ ಮಾತ್ರ ಗೊತ್ತಿದ್ದುದು ಹೊರಗಿನವರಿಗೂ ಗೊತ್ತಾಗುವಂತಾದುದು ಅದಕ್ಕಿಂತ ದೊಡ್ಡ ಉಪಕಾರ.

೭

ಇದಕ್ಕೆ ವಿರೋಧವಾಗಿ ಹೇಳಬಹುದಾದ ಮಾತುಗಳೂ ಹಗುರವಾದವಲ್ಲ. ಸಾರ್ವಜನಿಕ ಕಡತದಲ್ಲಿ ಬರೆದುದೆಲ್ಲವೂ ಕೊಡುವವನ ಅಧಿಕಾರಕ್ಕೆ ಸೇರಿದುದು. 'ಓದುಗರಿಗೆ' ಎಂಬ ಗುಂಪನ್ನು ಒಮ್ಮೆ ಒಪ್ಪಿಕೊಂಡವನ ಮನೆಗೆ, ಕೊಡುವವನು ನಾಳೆ ಅದೇ ಗುರುತನ್ನು ಅಂಟಿಸಿದ ಯಾವ ಭಂಡಾರವಾದರೂ ಬಂದು ಕೂರಬಹುದು. ಒಪ್ಪಿಗೆ ಗುಂಪಿಗೆ ಕೊಟ್ಟದ್ದು, ಬಂದದ್ದು ವ್ಯಕ್ತಿ. ಈ ಭಯವು ನಿರಾಧಾರವಲ್ಲ. ಸಾರ್ವಜನಿಕ ಕಡತದಲ್ಲಿ ಒಳಭಂಡಾರವನ್ನು ನವೀಕರಿಸುವ ಬಗೆಯನ್ನು ಹೇಳುವ ಜಾಗದಲ್ಲಿ ಯಂತ್ರಾಜ್ಞೆಯನ್ನೇ ಬರೆದುಬಿಡುವ ಸಾಧ್ಯತೆಯಿತ್ತು. ಅದರಿಂದ ಕೊಳ್ಳುವವನ ಅರಿವಿಲ್ಲದೆ ಅವನ ಯಂತ್ರದಲ್ಲಿ ಅನ್ಯರ ಆಜ್ಞೆ ನಡೆಯಬಹುದೆಂದು ಕಂಡುಬಂದಾಗ, ೨೦೧೯ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸಲಾಯಿತು. ಅಂಥ ಆಜ್ಞೆಯನ್ನು ಕೊಳ್ಳುವವನು ತನ್ನ ಕಡತದಲ್ಲಿ ತಾನೇ ಬರೆದುಕೊಳ್ಳಬಹುದು, ಕೊಡುವವನು ಬರೆಯುವಂತಿಲ್ಲ.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದುದು. ಸಾರ್ವಜನಿಕ ಕಡತವೂ ಇತಿಹಾಸಕ್ಕೆ ಒಳಪಟ್ಟಿದೆ. ಹಳೆಯ ಆವೃತ್ತಿಯನ್ನು ತೆರೆದರೆ ಹಳೆಯ ಗುರುತುಗಳೇ ಕಾಣುತ್ತವೆ. ಇಂದಿನ ಆಯ್ಕೆಯನ್ನು ಅಂದಿನ ಗುರುತುಗಳಿಗೆ ಅನ್ವಯಿಸಿದರೆ ಬೇಕಾದುದು ಬಾರದೆ, ಬೇಡವಾದುದು ಬರಬಹುದು.

ಈ ಎರಡು ಆಕ್ಷೇಪಗಳನ್ನು ತೂಗಿ ನೋಡಿದರೆ, ಅವು ಗುರುತನ್ನು ಬರೆಯಬಾರದೆಂಬುದನ್ನು ಸಾಧಿಸುವುದಿಲ್ಲ. ಗುರುತಿಗೆ ಆಜ್ಞೆಯ ಬಲವನ್ನು ಕೊಡಬಾರದೆಂಬುದನ್ನು ಮಾತ್ರ ಸಾಧಿಸುತ್ತವೆ. ಸೂಚಿಯಲ್ಲಿ 'ಇದು ತಿದ್ದುವವರಿಗೆ' ಎಂದು ಬರೆದರೆ ಅದು ವರ್ಣನೆ. 'ಇದನ್ನು ತರಿಸು' ಎಂಬುದು ನಿರ್ಣಯ. ವರ್ಣಿಸುವ ಹಕ್ಕು ಭಂಡಾರವನ್ನು ಬಲ್ಲವನದು. ನಿರ್ಣಯಿಸುವ ಹಕ್ಕು ತನ್ನ ಮನೆಯನ್ನು ಬಲ್ಲವನದು. ಗುಂಪಿನ ಮೂಲಕ ಹೊಸದೊಂದು ಬರುವ ಪ್ರಸಂಗ ಬಂದರೆ, ತರುವ ಮುನ್ನ ಅದನ್ನು ಹೆಸರಿಸಿ ತೋರಿಸುವ ಮರ್ಯಾದೆಯೊಂದು ಇದ್ದರೆ ಮೊದಲ ಆಕ್ಷೇಪದ ಬಹುಭಾಗ ಪರಿಹಾರವಾಗುತ್ತದೆ. ಎರಡನೆಯದು ದೋಷವೇ ಅಲ್ಲವೆನ್ನಬಹುದು. ಹಳೆಯ ಆವೃತ್ತಿಯೊಡನೆ ಹಳೆಯ ಸೂಚಿ ಬರುವುದೇ ನ್ಯಾಯ. ಅಂದಿನವರು ತಮ್ಮ ಸಂಗ್ರಹವನ್ನು ಹೇಗೆ ವಿಂಗಡಿಸಿಕೊಂಡಿದ್ದರೆಂಬುದೂ ಇತಿಹಾಸದ ಒಂದು ಭಾಗ.

ಈ ದೃಷ್ಟಿಯಿಂದ ೨೦೧೭ರ ಕ್ರಮದ ಬೆಲೆಯನ್ನು ಹೀಗೆ ಕಟ್ಟಬಹುದು. ಅದು ನಿರ್ಣಯದ ಹಕ್ಕನ್ನು ಕೊಳ್ಳುವವನಿಗೆ ಸ್ಪಷ್ಟವಾಗಿ ಬಿಟ್ಟುಕೊಟ್ಟಿತು. ಸಾಮಾನ್ಯ ವಿಶೇಷಗಳ ಬಲಾಬಲವನ್ನು ಸರಿಯಾಗಿ ನಿರ್ಧರಿಸಿತು. ಅಲ್ಪವಿರಾಮದ ಕಿರುವ್ಯಾಕರಣವನ್ನು ತರದೆ ಪುನರುಕ್ತ ಸಾಲುಗಳನ್ನೇ ಬಳಸಿತು. ಈ ಮೂರೂ ಶ್ಲಾಘನೀಯ. ಆದರೆ ವರ್ಣನೆಯ ಕೆಲಸವನ್ನು ಅದು ಸ್ಥಳದ ಹೆಸರುಗಳ ಮೇಲೆ ಹೇರಿ ಸುಮ್ಮನಾಯಿತು. ಕೊಳ್ಳುವವನ ಭಾಷೆ ಪೂರ್ಣವಾಯಿತು, ಕೊಡುವವನ ಭಾಷೆ ಅರ್ಧದಲ್ಲಿ ನಿಂತಿತು. ಯಂತ್ರವು ಇದನ್ನು 'ಸಾಕು' ಎನ್ನಬಹುದು. ಸೂಚಿಯನ್ನು ಓದುವ ಮನುಷ್ಯನು ಹಾಗೆನ್ನಲಾರನು.

ಹೆಸರು, ಸ್ಥಳ, ಮೂಲ, ಗುಂಪು ಎಂಬ ನಾಲ್ಕು ಅಂಶಗಳೂ ಒಂದರಿಂದೊಂದು ಬೇರೆಯಾದವು. ಹೆಸರು ಯಾವುದೆಂಬುದನ್ನೂ, ಸ್ಥಳ ಎಲ್ಲಿದೆಯೆಂಬುದನ್ನೂ, ಮೂಲ ಎಲ್ಲಿಂದ ಬಂತೆಂಬುದನ್ನೂ, ಗುಂಪು ಯಾರಿಗಾಗಿ ಎಂಬುದನ್ನೂ ಹೇಳತಕ್ಕದ್ದು. ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗಲೆಲ್ಲ ತೊಡಕು ಹುಟ್ಟಿದೆ. ಮೊದಲ ಮೂರನ್ನು ಗಿಟ್ಟಿನ ಕಡತವು ಬೇರ್ಪಡಿಸಿ ಬರೆಯುತ್ತದೆ. ನಾಲ್ಕನೆಯದಕ್ಕೂ ತನ್ನದೇ ಆದ ಒಂದು ಸಾಲು ದೊರೆಯುವವರೆಗೆ, ಒಳಭಂಡಾರಗಳನ್ನು ಇಟ್ಟುಕೊಂಡವರು ಆ ಮಾತನ್ನು ಭಂಡಾರದ ಬಾಗಿಲಲ್ಲಿ ಓದುವಂತೆ ಬೇರೊಂದು ಪುಟದಲ್ಲಾದರೂ ಬರೆದಿಡುವುದು ಒಳ್ಳೆಯದು. ವಿಶೇಷವಾಗಿ ಕನ್ನಡದ ಹಳೆಯ ಪುಟಗಳನ್ನು ಹೊಸ ಭಂಡಾರಗಳಿಗೆ ಸಾಗಿಸುತ್ತಿರುವ ಸಂಘಸಂಸ್ಥೆಗಳು ಈ ಕೆಲಸವನ್ನು ನಾಳೆಗೆಂದು ಬಿಡದಿರುವುದು ಉಚಿತ. ಪಾಟಣದ ಭಂಡಾರಗಳು ಮನೆ ಬದಲಿಸಿದಾಗ ಅವುಗಳ ಪರಿಚಯವು ಎರಡು ವರ್ಷ ಮೊದಲೇ ಅಚ್ಚಾಗಿ ವಿದ್ವಾಂಸರ ಕೈಸೇರಿತ್ತು ಎಂಬುದನ್ನು ಮರೆಯಲಾಗದು.